ಪದಚರ್ಚೆ: ಕೊಕ್ಕರೆ, ಬೆಳ್ಳಕ್ಕಿ, ಬಕ – ಒಂದೇ ಹಕ್ಕಿಯೇ, ಮೂರೇ?

ನಗರದ ಕೆರೆಯ ದಂಡೆಯಲ್ಲಿ ಹಕ್ಕಿ ನೋಡುವವರ ಮಾತಿಗೆ ಕಿವಿಗೊಟ್ಟರೆ ಒಂದು ಗೊಂದಲ ಎದ್ದು ಕಾಣುತ್ತದೆ. ಉದ್ದ ಕಾಲು, ಉದ್ದ ಕೊರಳು, ಉದ್ದ ಕೊಕ್ಕು ಇದ್ದರೆ ಸಾಕು, ಅದು ‘ಕೊಕ್ಕರೆ’. ಬಿಳಿಯ ಬಣ್ಣದ್ದಾದರೆ ಕೆಲವರು ‘ಬೆಳ್ಳಕ್ಕಿ’ ಎನ್ನುತ್ತಾರೆ. ಹಕ್ಕಿಗಳ ಬಗ್ಗೆ ಬರೆಯುವವರು ‘ಬಕ’ ಎಂಬ ಮೂರನೆಯ ಹೆಸರನ್ನೂ ಬಳಸುತ್ತಾರೆ. ಇವು ಸಮಾನಾರ್ಥಕ ಪದಗಳೇ, ಬೇರೆ ಬೇರೆ ಹಕ್ಕಿಗಳ ಹೆಸರುಗಳೇ? ಬೇರೆ ಬೇರೆ ಎಂದೇ ಬಳಸಬೇಕು ಎಂಬುದು ನನ್ನ ನಿಲುವು. ಸ್ಟಾರ್ಕ್ ಕುಲಕ್ಕೆ ಕೊಕ್ಕರೆ, ಹೆರಾನ್‌ಗಳಿಗೆ ಬಕ, ಎಗ್ರೆಟ್‌ಗಳಿಗೆ ಬೆಳ್ಳಕ್ಕಿ.

ಹಕ್ಕಿ ಹಾರುವಾಗ ನೋಡಿದರೆ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಬಣ್ಣದ ಕೊಕ್ಕರೆ, ಬಾಯ್ಕಳಕ ಕೊಕ್ಕರೆ ಮುಂತಾದವು ಕೊರಳನ್ನು ನೀಳವಾಗಿ ಮುಂದಕ್ಕೆ ಚಾಚಿ ಹಾರುತ್ತವೆ. ಬೂದು ಬಕ, ಕೊಳದ ಬಕ, ಬೆಳ್ಳಕ್ಕಿಗಳು ಕೊರಳನ್ನು ಮಡಿಚಿ ಹೆಗಲುಗಳ ನಡುವೆ ಹುದುಗಿಸಿಕೊಳ್ಳುತ್ತವೆ. ದನಿಯಲ್ಲಿಯೂ ಹೀಗೆಯೇ. ಬೆಳೆದ ಕೊಕ್ಕರೆ ಹೆಚ್ಚುಕಡಿಮೆ ಮೂಕ ಹಕ್ಕಿ. ಗೂಡಿನಲ್ಲಿ ಕೊಕ್ಕನ್ನು ಪಟಪಟನೆ ಬಡಿಯುವುದೇ ಅದರ ಮಾತು. ಬಕಗಳಿಗೆ ಒರಟು ಕೂಗಿದೆ. ಮುಸ್ಸಂಜೆಯಲ್ಲಿ ಇರುಳು ಬಕ ‘ಕ್ವಾಕ್’ ಎನ್ನುತ್ತಾ ತಲೆಯ ಮೇಲೆ ಹಾದುಹೋಗುವುದನ್ನು ಕೇಳಿದವರಿಗೆ ಇದು ಗೊತ್ತು.

ಆದರೆ ಪದದ ದೃಷ್ಟಿಯಿಂದ ಹೆಚ್ಚು ಮುಖ್ಯವಾದದ್ದು ಅವು ಬೇಟೆಯಾಡುವ ಬಗೆ. ಬಣ್ಣದ ಕೊಕ್ಕರೆ ನೀರಿನಲ್ಲಿ ನಡೆಯುತ್ತಾ, ಅರೆತೆರೆದ ಕೊಕ್ಕನ್ನು ಮುಳುಗಿಸಿ ಅತ್ತಿತ್ತ ಆಡಿಸುತ್ತಾ, ಮೀನು ತಗುಲಿದೊಡನೆ ಕೊಕ್ಕು ಮುಚ್ಚುತ್ತದೆ. ಅದು ಕಣ್ಣಿಗಿಂತ ಸ್ಪರ್ಶವನ್ನು ನಂಬಿದ ಹಕ್ಕಿ. ಬಕ ಹಾಗಲ್ಲ. ಅಲುಗಾಡದೆ ನಿಂತು, ನೀರಿನ ಮೇಲೆ ಕಣ್ಣು ನೆಟ್ಟು, ಮೀನು ಅಳತೆಗೆ ಸಿಕ್ಕಾಗ ಥಟ್ಟನೆ ಎರಗುತ್ತದೆ. ‘ಬಕಧ್ಯಾನ’, ‘ಬಕಪಕ್ಷಿಯಂತೆ ಕಾದು ಕುಳಿತ’ ಎಂಬ ನಮ್ಮ ನುಡಿಗಟ್ಟುಗಳು ಈ ನಿಲುವನ್ನು ಕಂಡೇ ಹುಟ್ಟಿದವು. ‘ಕೊಕ್ಕರೆಧ್ಯಾನ’ ಎಂದು ಯಾರೂ ಹೇಳುವುದಿಲ್ಲ. ಹಾಗಾಗಿ ಬಕ ಎಂದರೆ ಹೆರಾನ್ ಎಂಬುದಕ್ಕೆ ನುಡಿಗಟ್ಟೇ ಸಾಕ್ಷಿ ಎಂದು ನಾನು ಭಾವಿಸುತ್ತೇನೆ. ಮಹಾಭಾರತದಲ್ಲಿ ಕೊಳದ ಬಳಿ ಧರ್ಮರಾಯನಿಗೆ ಯಕ್ಷ ತನ್ನನ್ನು ಮೊದಲು ಪರಿಚಯಿಸಿಕೊಳ್ಳುವುದೂ ಬಕನೆಂದೇ. ನೀರಿನ ಅಂಚಿನಲ್ಲಿ ತಾಳ್ಮೆಯಿಂದ ಕಾಯುವವನಿಗೆ ಅದಕ್ಕಿಂತ ಒಪ್ಪುವ ರೂಪ ಬೇರೊಂದಿಲ್ಲ.

ಗೊಂದಲದ ಒಂದು ಬೇರು ನಮ್ಮ ಮಕ್ಕಳ ಕಥೆಗಳಲ್ಲಿದೆ. ಪಂಚತಂತ್ರದಲ್ಲಿ ಮೀನುಗಳನ್ನು ನಂಬಿಸಿ ಒಂದೊಂದಾಗಿ ಹೊತ್ತೊಯ್ದು ತಿಂದು, ಕೊನೆಗೆ ಏಡಿಯ ಕೊಂಡಿಗೆ ಕೊರಳು ಕೊಡುವ ಹಕ್ಕಿ ಸಂಸ್ಕೃತದಲ್ಲಿ ಬಕ. ಕನ್ನಡದಲ್ಲಿ ಅದು ಸಾಮಾನ್ಯವಾಗಿ ಕೊಕ್ಕರೆಯಾಗುತ್ತದೆ. ನರಿಗೆ ಹೂಜಿಯಲ್ಲಿ ಊಟ ಬಡಿಸಿದ ಈಸೋಪನ ಹಕ್ಕಿಯೂ ಕೊಕ್ಕರೆಯೇ. ಕ್ರೇನ್ ಎಂಬುದಕ್ಕೂ ಸ್ಟಾರ್ಕ್ ಎಂಬುದಕ್ಕೂ ಕೊಕ್ಕರೆ ಎಂದೇ ಅರ್ಥ ಕಲಿತವರು ಕೆರೆಯ ದಂಡೆಗೆ ಬಂದಾಗ ಬೇರೆ ಹೆಸರು ಹುಡುಕದಿದ್ದರೆ ಅಚ್ಚರಿಯಿಲ್ಲ.

ಇನ್ನು ವ್ಯುತ್ಪತ್ತಿ. ಉದ್ದ ಕೊಕ್ಕು ಇರುವುದರಿಂದ ಕೊಕ್ಕರೆ ಎಂಬ ವಿವರಣೆ ಬಹಳ ಜನಪ್ರಿಯ. ಆದರೆ ತಮಿಳಿನಲ್ಲಿ ‘ಕೊಕ್ಕು’ ಎಂದರೆ ಹಕ್ಕಿಯೇ. ಚುಂಚಕ್ಕೆ ಅಲ್ಲಿ ‘ಅಲಗು’ ಎಂಬ ಬೇರೆ ಪದವಿದೆ. ಮಲಯಾಳದಲ್ಲಿ ಅದೇ ಪದ ಹಕ್ಕಿಗೂ ಸಲ್ಲುತ್ತದೆ, ಚುಂಚಕ್ಕೂ ಸಲ್ಲುತ್ತದೆ. ಹಾಗಾದರೆ ಚುಂಚದಿಂದ ಹಕ್ಕಿಗೆ ಹೆಸರು ಬಂದಿತೇ, ಹಕ್ಕಿಯ ಹೆಸರು ಚುಂಚಕ್ಕೆ ದಾಟಿತೇ? ನೆರೆಯ ಭಾಷೆಗಳಲ್ಲಿ ಈ ಪದ ಬೆಳ್ಳಕ್ಕಿ, ಬಕಗಳಿಗೂ ಧಾರಾಳವಾಗಿ ಸಲ್ಲುವುದರಿಂದ ಮೂಲದ ಆಧಾರದ ಮೇಲೆ ನನ್ನ ವಿಂಗಡಣೆಯನ್ನು ಸಮರ್ಥಿಸಿಕೊಳ್ಳಲಾಗದು. ನನಗೆ ಬಲ ಕೊಡುವುದು ಬಳಕೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಮರಗಳಲ್ಲಿ ಗೂಡು ಕಟ್ಟುವುದು ಬಣ್ಣದ ಕೊಕ್ಕರೆ. ಅದರ ಜೊತೆ ಅಲ್ಲಿಯೇ ಗೂಡು ಕಟ್ಟುವ ಪೆಲಿಕನ್‌ಗೆ ಹೆಜ್ಜಾರ್ಲೆ ಎಂಬ ಪ್ರತ್ಯೇಕ ಹೆಸರಿದೆ. ದೊಡ್ಡ ಹಕ್ಕಿಗಳನ್ನು ದಿನವೂ ಹತ್ತಿರದಿಂದ ಕಾಣುವ ಜನ ಎಲ್ಲವನ್ನೂ ಒಂದೇ ಹೆಸರಿನಲ್ಲಿ ಕರೆಯಲಿಲ್ಲ.

‘ಬೆಳ್ಳಕ್ಕಿ’ ಮೇಲುನೋಟಕ್ಕೆ ಸರಳ. ಬೆಳ್ದಿಂಗಳು, ಬೆಳ್ಮುಗಿಲುಗಳಲ್ಲಿರುವ ‘ಬೆಳ್’ ಇಲ್ಲಿಯೂ ಇದೆ. ತೊಡಕಿರುವುದು ಹಕ್ಕಿಯಲ್ಲಿ. ಕೊಳದ ಬಕ ಕೂತಾಗ ಕಂದುಬಣ್ಣದ್ದು, ಎದೆಯ ಮೇಲೆ ಗೀರುಗಳು. ಜೊಂಡಿನ ಪಕ್ಕದಲ್ಲಿದ್ದರೆ ಮಣ್ಣಿನ ಹೆಂಟೆಯೇ ಸರಿ. ಹತ್ತಿರ ಹೋದೊಡನೆ ರೆಕ್ಕೆ ಬಿಚ್ಚಿ ಎದ್ದರೆ ಇಡೀ ಹಕ್ಕಿ ಬೆಳ್ಳಗಾಗಿಬಿಡುತ್ತದೆ. ಹಾರುವಾಗಲಷ್ಟೇ ನೋಡಿದವರು ಅದನ್ನು ಬೆಳ್ಳಕ್ಕಿ ಎಂದರೆ ತಪ್ಪೆನ್ನುವುದು ಕಷ್ಟ. ಗೋವಕ್ಕಿಯೂ ಬೆಳ್ಳಕ್ಕಿಯ ಬಳಗದ್ದೇ, ಆದರೆ ಮರಿ ಮಾಡುವ ಕಾಲದಲ್ಲಿ ಅದರ ತಲೆ, ಕೊರಳು, ಬೆನ್ನು ಕಿತ್ತಳೆಗೆ ತಿರುಗುತ್ತವೆ. ಚಮಚದ ಕೊಕ್ಕಿನ ಹಕ್ಕಿ ಪೂರ್ತಿ ಬಿಳಿಯದಾದರೂ ಬೆಳ್ಳಕ್ಕಿಯಲ್ಲ. ಹಾಗಾಗಿ ಇಲ್ಲಿ ‘ಬೆಳ್’ ಎಂಬುದನ್ನು ಬಣ್ಣದ ವರ್ಣನೆ ಎಂದು ಓದದೆ ಅಂಕಿತನಾಮದ ಭಾಗವೆಂದು ಓದುವುದು ಮೇಲು. ಸಣ್ಣ ಬೆಳ್ಳಕ್ಕಿಯನ್ನೇ ನೋಡಿ: ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದ. ಆ ಹಳದಿ ಪಾದವನ್ನು ಆಳವಿಲ್ಲದ ನೀರಿನಲ್ಲಿ ನಡುಗಿಸಿ, ಕೆಸರಿನಲ್ಲಿ ಅಡಗಿದ ಮೀನು, ಸೀಗಡಿಗಳನ್ನು ಎಬ್ಬಿಸುತ್ತದೆ. ಅದನ್ನು ಗುರುತಿಸಲು ಬಿಳಿ ಬಣ್ಣಕ್ಕಿಂತ ಈ ಪಾದವೇ ಹೆಚ್ಚು ನೆರವಾಗುತ್ತದೆ.

ಹೆಸರಿನ ವಿಷಯದಲ್ಲಿ ಇಷ್ಟು ಹಟವೇಕೆ ಎಂದು ಕೇಳಬಹುದು. ಕೆರೆಯ ಹಕ್ಕಿಪಟ್ಟಿಯಲ್ಲಿ ‘ಕೊಕ್ಕರೆ – 20’ ಎಂದು ಬರೆದರೆ ಕೆರೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಬಾಯ್ಕಳಕದ ಮುಖ್ಯ ಆಹಾರ ಬಸವನಹುಳು. ಅದು ಬಂದಿದೆಯೆಂದರೆ ನೀರಿನಲ್ಲಿ ಬಸವನಹುಳು ಇದೆ ಎಂದರ್ಥ. ಬಣ್ಣದ ಕೊಕ್ಕರೆ ಮೀನಿಗಾಗಿ ಬರುತ್ತದೆ. ಗೋವಕ್ಕಿಗೆ ಬೇಕಾದದ್ದು ದಂಡೆಯ ಹುಲ್ಲಿನಲ್ಲಿರುವ ಕೀಟಗಳು, ಅದಕ್ಕೆ ನೀರೇ ಬೇಕೆಂದಿಲ್ಲ. ಕನ್ನಡದಲ್ಲಿ ಪಟ್ಟಿ ಬರೆಯುವವರ ಕೆಲಸವೂ ಇಂಗ್ಲಿಷಿನಲ್ಲಿ ಬರೆಯುವವರ ಕೆಲಸದಷ್ಟೇ ಖಚಿತವಾಗಿರಬೇಕೆಂಬುದು ನನ್ನ ಆಸೆ.

ಎಲ್ಲ ಜನಬಳಕೆಯನ್ನೂ ತಿದ್ದಬೇಕೆಂದು ನಾನು ಹೇಳುತ್ತಿಲ್ಲ. ನೀರುಕಾಗೆ ಕಾಗೆಯ ಜಾತಿಯದಲ್ಲ, ನಾಮಕೋಳಿ ಕೋಳಿಯಲ್ಲ. ಆದರೂ ಆ ಹೆಸರುಗಳು ಬೇರೊಂದು ಹಕ್ಕಿಯ ಜಾಗವನ್ನು ಕಸಿದುಕೊಂಡಿಲ್ಲ; ಹಣೆಯಿಂದ ಕೊಕ್ಕಿನವರೆಗೆ ಬಿಳಿಯ ನಾಮವಿರುವ ಹಕ್ಕಿಗೆ ನಾಮಕೋಳಿಗಿಂತ ಒಳ್ಳೆಯ ಹೆಸರು ಯಾರಿಗೂ ಹೊಳೆಯಲಾರದು. ಕೊಕ್ಕರೆ ಎಂಬ ಪದ ಮಾತ್ರ ನೆರೆಯ ಎರಡು ಹೆಸರುಗಳನ್ನು ನುಂಗುತ್ತಿದೆ.

ಬಲ್ಲವರಿಂದ ಮೂರು ವಿಷಯ ತಿಳಿಯಬೇಕಾಗಿದೆ. ನಿಮ್ಮ ಕಡೆಯ ಮಾತಿನಲ್ಲಿ ಕೂತಾಗ ಕಂದು, ಹಾರಿದಾಗ ಬಿಳಿಯಾಗುವ ಕೊಳದ ಬಕಕ್ಕೆ ಬೇರೆ ಹೆಸರಿದೆಯೇ? ಗದ್ದೆಯಲ್ಲಿ ಉಳುವವರ ಹಿಂದೆ ಸಾಗುವ ಗೋವಕ್ಕಿಯನ್ನು ಹಿರಿಯರು ಕೊಕ್ಕರೆ ಎನ್ನುತ್ತಾರೆಯೇ, ಬೆಳ್ಳಕ್ಕಿ ಎನ್ನುತ್ತಾರೆಯೇ? ಹಳಗನ್ನಡದ ಕಾವ್ಯಗಳ ಕೊಳದ ವರ್ಣನೆಯಲ್ಲಿ ಬಕವೂ ಕೊಕ್ಕರೆಯೂ ಒಂದೇ ಪದ್ಯದಲ್ಲಿ ಬೇರೆ ಬೇರೆಯಾಗಿ ಬಂದಿರುವ ಉದಾಹರಣೆ ಇದ್ದರೆ ದಯವಿಟ್ಟು ಪದ್ಯದ ಸಾಲಿನೊಂದಿಗೆ ತಿಳಿಸಿ.