ಹೊಸ ಹುಳುವನ್ನು ‘ಡಿಸ್ಕ್ರೈಬ್’ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಮಂಗಳೂರಿನಿಂದ ಬರೆಯುತ್ತಿದ್ದೇನೆ. ಕಾಡುಪ್ರಾಣಿಗಳ ಹೊಟ್ಟೆಯಲ್ಲಿರುವ ಜಂತುಹುಳುಗಳ ಬಗ್ಗೆ ಹೈಸ್ಕೂಲ್ ಮಕ್ಕಳಿಗೆ ಒಂದು ಲೇಖನ ಬರೆಯಬೇಕು, ಒಂದೇ ಪದಕ್ಕೆ ಎರಡು ದಿನದಿಂದ ಸಿಕ್ಕಿಬಿದ್ದಿದ್ದೇನೆ. ಹುಳುಗಳ ಹೆಸರಿಗೆ ನಮ್ಮಲ್ಲಿ ಬರವಿಲ್ಲ. ಲಾಡಿಹುಳು, ಕೊಕ್ಕೆಹುಳು, ಜಂತುಹುಳು ಎಲ್ಲ ಇವೆ. ತುಳುವಿನ ‘ಪುರಿ’ಯೂ ನಮ್ಮ ‘ಹುಳು’ವಿನ ನೆಂಟನೇ. ತೊಡಕಿರುವುದು ‘ಡಿಸ್ಕ್ರೈಬ್’ ಎಂಬ ಕ್ರಿಯಾಪದದಲ್ಲಿ.

ಪೇಪರಿನಲ್ಲಿ ‘ಹೊಸ ಹುಳು ಪತ್ತೆ’ ಎಂದು ಬರುತ್ತದೆ. ಆದರೆ ಓತಿಯ ಕರುಳಿನಲ್ಲಿ ಪತ್ತೆಯಾದ ಹುಳು ಸ್ಪಿರಿಟ್ ಬಾಟಲಿಯಲ್ಲಿ ಹೆಸರಿಲ್ಲದೆ ವರ್ಷಗಟ್ಟಲೆ ಬಿದ್ದಿರಬಹುದು. ಯಾರಾದರೂ ಅದನ್ನು ತೆಗೆದು, ಅಳೆದು, ಚಿತ್ರ ಬರೆದು, ಹೆಸರಿಟ್ಟು ಪ್ರಕಟಿಸಿದ ಮೇಲೆಯೇ ಅದು ಡಿಸ್ಕ್ರೈಬ್ ಆಯಿತು ಎನ್ನುತ್ತಾರೆ. ಪ್ರಾಣಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮದಲ್ಲಿ, 1930ರ ನಂತರದ ಹೆಸರಾದರೆ ಇದು ಬೇರೆಯವಕ್ಕಿಂತ ಹೇಗೆ ಬೇರೆ ಎಂದು ಮಾತಿನಲ್ಲಿ ಹೇಳಿರಬೇಕು, 1999ರ ನಂತರದ್ದಾದರೆ ಆ ಹೆಸರಿಗೆ ಆಧಾರವಾದ ಮಾದರಿ ಯಾವುದೆಂದೂ ತೋರಿಸಿರಬೇಕು.

ಉಡುಪಿಯಲ್ಲಿ ಪ್ರಾಣಿಶಾಸ್ತ್ರ ಓದುವ ಅಕ್ಕನ ಮಗಳು ಮೊನ್ನೆ ಮೈಕ್ರೋಸ್ಕೋಪಿನಲ್ಲಿ ಒಂದು ಗಂಡುಹುಳು ತೋರಿಸಿದಳು. ಬರಿಗಣ್ಣಿಗೆ ಬಿಳಿ ನೂಲಿನ ಚೂರು, ಅಷ್ಟೇ. ಗ್ಲಿಸರಿನ್‌ನಲ್ಲಿಟ್ಟ ಮೇಲೆ ಮೈಯೊಳಗಿನದೆಲ್ಲ ಗಾಜಿನ ಹಾಗೆ ಕಾಣುತ್ತಿತ್ತು. ಬಾಲದ ಹತ್ತಿರ ಕಂದು ಬಣ್ಣದ ಎರಡು ಸಣ್ಣ ಕಡ್ಡಿ, ಹೆಣ್ಣಿನ ಜೊತೆ ಕೂಡುವಾಗ ಬೇಕಾಗುವಂಥವು. “ಮಾವ, ಈ ಕಡ್ಡಿ ಎಷ್ಟುದ್ದ, ಬಾಲದಲ್ಲಿ ಗುಬುಟು ಎಷ್ಟು, ಬಾಯಿಯ ತುಟಿ ಹೇಗಿದೆ, ಜಾಸ್ತಿ ನೋಡುವುದು ಇದನ್ನೇ” ಎಂದಳು. ಇಷ್ಟು ಸೂಕ್ಷ್ಮದ ಕೆಲಸಕ್ಕೆ ಸುಮ್ನೆ ‘ವಿವರಿಸಿದರು’ ಎಂದರೆ ಸಪ್ಪೆ ಅಲ್ವಾ?

‘ವರ್ಣಿಸು’ ಎಂದರೆ ಯಕ್ಷಗಾನದ ಪದ್ಯ ನೆನಪಾಗುತ್ತದೆ. ‘ಗುರುತಿಸು’ ತಪ್ಪೇ ತಪ್ಪು, ಗುರುತು ಸಿಗುವುದು ಮೊದಲೇ ಗೊತ್ತಿದ್ದದ್ದರದ್ದು. ‘ದಾಖಲಿಸು’ ಹತ್ತಿರ ಬರುತ್ತದೆ, ಆದರೆ ಗೊತ್ತಿರುವ ಹುಳುವೇ ಹೊಸ ಊರಿನಲ್ಲಿ ಅಥವಾ ಹೊಸ ಪ್ರಾಣಿಯಲ್ಲಿ ಸಿಕ್ಕಿದರೂ ‘ಮೊದಲ ದಾಖಲೆ’ ಎನ್ನುತ್ತಾರೆ, ಹಾಗಾಗಿ ಎರಡೂ ಕಲಸಿಹೋಗುತ್ತವೆ. ‘ಹೆಸರಿಡು’ ಅರ್ಧ ಕೆಲಸ ಮಾತ್ರ ಹೇಳುತ್ತದೆ.

ಸದ್ಯಕ್ಕೆ ‘ಲಕ್ಷಣ ಬರೆದು ಹೆಸರಿಟ್ಟರು’ ಎಂದು ಬರೆದಿದ್ದೇನೆ. ವ್ಯಾಕರಣದಲ್ಲೂ ಒಂದನ್ನು ಇನ್ನೊಂದರಿಂದ ಬೇರೆ ಮಾಡಿ ಹೇಳುವುದಕ್ಕೆ ‘ಲಕ್ಷಣ’ ಎನ್ನುತ್ತೇವಲ್ಲ, ಅದು ಇಲ್ಲಿಗೆ ಸರಿಯಾಗಿ ಕೂರುತ್ತದೆ. ಆದರೆ ತಲೆಬರಹಕ್ಕೆ ಉದ್ದವಾಯಿತು. ಒಂದೇ ಪದದಲ್ಲಿ ಹೇಳುವಂಥದ್ದು ನಿಮ್ಮಲ್ಲಿ ಯಾರಾದರೂ ಬಳಸುತ್ತೀರಾ? ಗಿಡಗಳ ಬಗ್ಗೆ ಬರೆಯುವವರಿದ್ದರೆ ನೀವು ಏನು ಬರೆಯುತ್ತೀರಿ ಎಂದು ದಯವಿಟ್ಟು ತಿಳಿಸಿ.