ನಾಸಿಕ್‌ನಲ್ಲಿ ಒಂದು ಸಣ್ಣ, ಮನೆಯವರೇ ನಡೆಸುವ ವೈನರಿ ನೋಡಬೇಕು. ಅತ್ತೆಯವರೂ ಜೊತೆಗಿದ್ದಾರೆ, ಹೇಗೆ ಮಾಡೋದು?

ಉಣಕಲ್ ದಂಡೆ (ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ ರೀ. ಫೆಬ್ರವರಿ ಕೊನೆಗೆ ಶಿರಡಿ, ತ್ರ್ಯಂಬಕೇಶ್ವರ ಮಾಡಿಕೊಂಡು ಬರಬೇಕು ಅಂತಿದ್ದೇವೆ. ನಾನು, ನಮ್ಮ ಮನೆಯವರು, ಅತ್ತೆ, ಮೂರೇ ಜನ. ನಮ್ಮದೇ ಕಾರು. ನಾಸಿಕ್‌ನಲ್ಲಿ ಎರಡು ರಾತ್ರಿ ಇರುತ್ತೇವೆ. ಅದರಲ್ಲಿ ಅರ್ಧ ದಿನ ಒಂದು ವೈನರಿಗೆ ಹೋಗುವ ಆಸೆ. ದೊಡ್ಡದು ಬೇಡ. ಮನೆಯವರೇ ದ್ರಾಕ್ಷಿ ಬೆಳೆದು ಮನೆಯವರೇ ವೈನ್ ಮಾಡುವಂಥದ್ದು ಬೇಕು.

ಯಾಕಂದ್ರೆ ಎರಡು ವರ್ಷದ ಹಿಂದೆ ನಾವಿಬ್ಬರೇ ಒಂದು ದೊಡ್ಡ ಜಾಗಕ್ಕೆ ಹೋಗಿದ್ದೆವು. ಶನಿವಾರ ಬೇರೆ. ಇಪ್ಪತ್ತು ಜನರ ಗುಂಪು, ಹದಿನೈದು ನಿಮಿಷದಲ್ಲಿ ಐದು ವೈನ್. ಹೇಳುವ ಹುಡುಗ ಪಾಠ ಒಪ್ಪಿಸಿದ ಹಾಗೆ ಹೇಳುತ್ತಾ ಹೋದ, ನಾನೊಂದು ಪ್ರಶ್ನೆ ಕೇಳಿದರೆ ಮುಂದಿನ ಗುಂಪು ಕಾಯುತ್ತಿದೆ ಮೇಡಂ ಅಂದ. ಏನೂ ತಿಳಿಯದೆ ವಾಪಸ್ ಬಂದೆವು. ಅದು ಇನ್ನೂ ಮನಸ್ಸಿನಲ್ಲಿದೆ.

ಅತ್ತೆ ಕುಡಿಯುವುದಿಲ್ಲ. ಆದರೆ ಅವರ ತವರು ವಿಜಯಪುರದ ತಿಕೋಟಾ ಕಡೆ, ಅವರ ಅಪ್ಪನದು ದ್ರಾಕ್ಷಿ ತೋಟ. ಮದುವೆ ಆಗೋವರೆಗೂ ಒಣದ್ರಾಕ್ಷಿ ಶೆಡ್ಡಿನಲ್ಲೇ ಬೆಳೆದವರು. ವೈನಿನ ದ್ರಾಕ್ಷಿ ಬೇರೆ ಥರ ಇರುತ್ತದಂತೆ, ನೋಡಬೇಕು ಅಂತ ಅವರೇ ಹೇಳಿದರು. ಹಾಗಾಗಿ ಅವರನ್ನು ಒಂದು ಮೂಲೆಯಲ್ಲಿ ಕೂರಿಸಿ ನಾವು ಗ್ಲಾಸ್ ಹಿಡಿದು ನಿಲ್ಲುವ ಹಾಗೆ ಆಗಬಾರದು.

ಯಾವಾಗ ಹೋದರೆ ಒಳ್ಳೆಯದು? ಕೊಟ್ಟಿದ್ದೆಲ್ಲ ಕುಡಿಯಲೇಬೇಕಾ? ಬಾಟಲಿ ಕೊಳ್ಳದೆ ಬಂದರೆ ತಪ್ಪು ತಿಳಿಯುತ್ತಾರಾ? ಹೋಗಿ ಬಂದವರು ಹೇಳಿ.

ಕೆಲಗೇರಿ ಮಾವು (ಧಾರವಾಡ)

ಅಕ್ಕಾವ್ರೆ, ಮೊದಲ ಮಾತು, ಫೋನ್ ಮಾಡದೆ ಹೋಗಬೇಡಿ. ಸಣ್ಣ ವೈನರಿಯಲ್ಲಿ ಬಳ್ಳಿ ನೋಡುವವರು, ಟ್ಯಾಂಕ್ ತೊಳೆಯುವವರು, ನಿಮಗೆ ಗ್ಲಾಸ್ ತುಂಬಿಸುವವರು ಎಲ್ಲ ಅದೇ ಎರಡು ಮೂರು ಜನ. ಮಂಗಳವಾರ, ಬುಧವಾರದಂಥ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ. ಅತ್ತೆಯವರ ವಿಷಯ ಫೋನಿನಲ್ಲೇ ಹೇಳಿಬಿಡಿ. ದ್ರಾಕ್ಷಿ ಬೆಳೆದ ಮನೆಯವರು ಬರುತ್ತಿದ್ದಾರೆ ಅಂದರೆ ಅವರಿಗೂ ಖುಷಿ ಆಗುತ್ತದೆ, ನಾನು ಕಂಡ ಮಟ್ಟಿಗೆ ಅವರು ಹೆಚ್ಚು ಮಾತಾಡುವುದು ಬೆಳೆ ಗೊತ್ತಿದ್ದವರ ಜೊತೆಯೇ.

ನಿಮ್ಮ ತಿಂಗಳು ಸರಿಯಾಗಿದೆ. ನಾಸಿಕ್‌ನಲ್ಲಿ ವೈನ್ ದ್ರಾಕ್ಷಿಯ ಕಟಾವು ಜನವರಿಯಿಂದ ಮಾರ್ಚ್. ಮೊದಲು ಬಿಳಿ ಜಾತಿಗಳು, ಶೆನಿನ್ ಬ್ಲಾಂಕ್, ಸೊವಿನ್ಯೊನ್ ಬ್ಲಾಂಕ್. ಆಮೇಲೆ ಕೆಂಪು ಜಾತಿಗಳು, ಶಿರಾಜ್, ಕ್ಯಾಬರ್ನೆ. ಫೆಬ್ರವರಿ ಕೊನೆಗೆ ಹೋದರೆ ಬಳ್ಳಿಯ ಮೇಲೂ ಹಣ್ಣು ಇರುತ್ತದೆ, ಟ್ಯಾಂಕಿನಲ್ಲೂ ರಸ ಹುದುಗುತ್ತಿರುತ್ತದೆ. ಜುಲೈನಲ್ಲಿ ಹೋದವರಿಗೆ ಎಲೆ ಮಾತ್ರ ಕಾಣುತ್ತದೆ.

ಹೆಸರು ಹುಡುಕುವಾಗ ಒಂದು ಎಚ್ಚರ. ಇಂಟರ್ನೆಟ್‌ನಲ್ಲಿ ಹಳೆಯ ಬರಹಗಳಲ್ಲಿ ಯಾರ್ಕ್ ವೈನರಿಯನ್ನು ಮನೆತನದ ವೈನರಿ ಅಂತ ಬರೆದಿರುತ್ತಾರೆ. ಅದು ನಿಜವಾಗಿಯೂ ಹಾಗೇ ಇತ್ತು, ಮಾಲೀಕರ ಮೂವರು ಮಕ್ಕಳ ಹೆಸರಿನ ಮೊದಲಕ್ಷರ ಸೇರಿಸಿ ಇಟ್ಟ ಹೆಸರು. 2021ರಲ್ಲಿ ದೊಡ್ಡ ವೈನ್ ಕಂಪನಿಯಾದ ಸುಲಾದವರು ಅದನ್ನು ಕೊಂಡರು. ಗಂಗಾಪುರ ಅಣೆಕಟ್ಟಿನ ಹಿನ್ನೀರಿನ ಹತ್ತಿರ, ಜಾಗ ಚೆಂದ. ಆದರೆ ನೀವು ಕೇಳುತ್ತಿರುವುದು ಅದಲ್ಲ. ದಿಂಡೋರಿ ಕಡೆ, ಇಗತ್‌ಪುರಿ ಕಡೆ ವಿಚಾರಿಸಿ. ಫೋನಿನಲ್ಲಿ ಇಷ್ಟು ಕೇಳಿ ಸಾಕು: ತೋಟ ನಿಮ್ಮದೇನಾ, ತೋರಿಸುವವರು ಯಾರು?

ಕುಡಿಯಲೇಬೇಕಾ ಅಂದಿರಿ. ಖಂಡಿತ ಇಲ್ಲ. ಮೇಜಿನ ಮೇಲೆ ಒಂದು ಪಾತ್ರೆ ಇಟ್ಟಿರುತ್ತಾರೆ, ಅದು ಉಗುಳಲಿಕ್ಕೆ ಮತ್ತು ಮಿಕ್ಕಿದ್ದು ಸುರಿಯಲಿಕ್ಕೆ. ಮೊದಲ ಸಲ ನನಗೆ ಇದು ಒಗ್ಗಲಿಲ್ಲ, ಯಾರದೋ ಮನೆಗೆ ಹೋಗಿ ಕೊಟ್ಟಿದ್ದನ್ನು ಉಗುಳುವುದಾ ಅನ್ನಿಸಿತು. ಆಮೇಲೆ ನೋಡಿದರೆ ವೈನ್ ಮಾಡಿದವರೇ ನನ್ನ ಪಕ್ಕ ನಿಂತು ಉಗುಳುತ್ತಿದ್ದರು. ದಿನಕ್ಕೆ ಮೂವತ್ತು ಸಲ ರುಚಿ ನೋಡುವವರು ಇನ್ನೇನು ಮಾಡಬೇಕು ಹೇಳಿ.

ಬಾಟಲಿ ವಿಷಯ. ಒತ್ತಾಯ ಇರುವುದಿಲ್ಲ. ಆದರೂ ನಾನು ಒಂದಾದರೂ ಕೊಳ್ಳುತ್ತೇನೆ, ಯಾಕಂದ್ರೆ ಒಂದು ತಾಸು ಅವರ ಕೆಲಸ ಬಿಡಿಸಿ ನಿಲ್ಲಿಸಿರುತ್ತೇವೆ, ಅದೂ ಕಟಾವಿನ ದಿನಗಳಲ್ಲಿ.

ಬ್ಯಾಡಗಿ ಕಡ್ಡಿ (ಹಾವೇರಿ)

ನಾನು ಮೆಣಸಿನಕಾಯಿ ವ್ಯಾಪಾರದವನು. ವೈನ್ ರುಚಿ ನೋಡುವುದು ನನಗೆ ಬೇಗ ತಿಳಿದದ್ದು ಅದರಿಂದಲೇ ಅನ್ನಿಸುತ್ತದೆ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಕಾಯಿ ಬಾಯಿಗೆ ಹಾಕಿ ಯಾರೂ ದರ ಕಟ್ಟುವುದಿಲ್ಲ. ಮೊದಲು ಬಣ್ಣ ನೋಡುತ್ತೇವೆ, ಕೈಯಲ್ಲಿ ಹಿಡಿದು ಒಣಗಿದ್ದು ನೋಡುತ್ತೇವೆ, ಮುರಿದು ಮೂಸುತ್ತೇವೆ. ಅಷ್ಟರಲ್ಲಿ ಮುಕ್ಕಾಲು ತಿಳಿದಿರುತ್ತದೆ. ವೈನೂ ಹಾಗೇ. ಗ್ಲಾಸನ್ನು ಕೆಳಗಿನ ಕಡ್ಡಿ ಹಿಡಿದು ಎತ್ತಿ, ಬೆಳಕಿಗೆ ಬಣ್ಣ ನೋಡಿ, ಒಂದೆರಡು ಸುತ್ತು ತಿರುಗಿಸಿ ಮೂಗು ಹತ್ತಿರ ತನ್ನಿ. ತಿರುಗಿಸುವುದು ಶೋಕಿಗಲ್ಲ, ಗಾಳಿ ತಾಗಿದರೆ ವಾಸನೆ ಮೇಲೆ ಬರುತ್ತದೆ.

ಅದಕ್ಕೇ ಅಕ್ಕಾ, ಆವತ್ತು ಒಂದು ದಿನ ಮಲ್ಲಿಗೆ ಮುಡಿಯಬೇಡಿ, ಸೆಂಟ್ ಹಾಕಬೇಡಿ. ಮಲ್ಲಿಗೆ ಮುಂದೆ ಬಿಳಿ ವೈನಿನ ವಾಸನೆ ನಿಲ್ಲುವುದೇ ಇಲ್ಲ, ನಿಮಗಷ್ಟೇ ಅಲ್ಲ, ಪಕ್ಕದವರಿಗೂ. ನಿಮ್ಮ ಯಜಮಾನರು ಎಲೆ ಅಡಿಕೆ ಹಾಕುವವರಾದರೆ ಅದೂ ಬೇಡ. ದಾರಿಯಲ್ಲಿ ಮಿರ್ಚಿ ಭಜಿ ತಿಂದು ಹೋಗಬೇಡಿ, ನಾಲಿಗೆ ಉರಿಯುತ್ತಿದ್ದರೆ ಏನೂ ಗೊತ್ತಾಗುವುದಿಲ್ಲ. ಹಾಗಂತ ಖಾಲಿ ಹೊಟ್ಟೆಯಲ್ಲೂ ಬೇಡ. ಇಡ್ಲಿಯೋ ಮೊಸರನ್ನವೋ ತಿಂದು ಹೋಗಿ.

ಬಾಯಿಗೆ ಹಾಕಿದ ಮೇಲೆ ದೊಡ್ಡ ದೊಡ್ಡ ಹೆಸರು ಹುಡುಕಬೇಡಿ. ಹುಳಿ ಎಷ್ಟು, ಸಿಹಿ ಎಷ್ಟು, ಒಗರು ಎಷ್ಟು, ಈ ಮೂರು ನೋಡಿ. ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿದ ಹಾಗೆ ಆಗುತ್ತದಲ್ವಾ, ಅದೇ ಒಗರು ಕೆಂಪು ವೈನಿನಲ್ಲಿ ಸಿಗುತ್ತದೆ. ಅದು ಸಿಪ್ಪೆ ಮತ್ತು ಬೀಜದಿಂದ ಬರುವುದು. ಕೆಂಪು ವೈನನ್ನು ಸಿಪ್ಪೆ ಸಮೇತ ಹುದುಗಿಸುತ್ತಾರೆ, ಬಿಳಿಯದನ್ನು ಮೊದಲೇ ಹಿಂಡಿ ರಸ ಮಾತ್ರ ಹುದುಗಿಸುತ್ತಾರೆ, ಅದಕ್ಕೆ ಬಿಳಿಯದರಲ್ಲಿ ಒಗರು ಬಹಳ ಕಡಿಮೆ. ಬಿಳಿಯದೇ ಮೊದಲು ಕೊಡುವುದಕ್ಕೂ ಕಾರಣ ಇದೇ. ಒಗರು ಬಾಯಿಗೆ ಹತ್ತಿದ ಮೇಲೆ ಬಿಳಿ ವೈನ್ ನೀರಿನ ಹಾಗೆ ಅನ್ನಿಸುತ್ತದೆ.

ಒಂದು ಮಾತು ನಮ್ಮ ಊಟಕ್ಕೆ ಸಂಬಂಧಪಟ್ಟದ್ದು. ಒಗರು ಜಾಸ್ತಿ ಇರುವ ಕೆಂಪು ವೈನ್ ಜೊತೆ ಖಾರ ತಿಂದರೆ ಖಾರ ಇನ್ನೂ ಏರುತ್ತದೆ. ನಮ್ಮ ಎಣ್ಣೆಗಾಯಿ, ಶೇಂಗಾ ಚಟ್ನಿಗೆ ಸ್ವಲ್ಪ ಸಿಹಿ ಇರುವ ಶೆನಿನ್ ಬ್ಲಾಂಕ್ ಚೆನ್ನಾಗಿ ಕೂಡುತ್ತದೆ.

ಶೆಡ್ಡಿನ ನೆರಳು (ಊರು ವಿಜಯಪುರ ಕಡೆ, ಈಗ ಹುಬ್ಬಳ್ಳಿ)

ತಿಕೋಟಾ ಹೆಸರು ನೋಡಿ ಬರೆಯುತ್ತಿದ್ದೇನೆ. ನಮ್ಮದೂ ದ್ರಾಕ್ಷಿ ಮನೆ. ನಿಮ್ಮ ಅತ್ತೆಯವರಿಗೆ ಅಲ್ಲಿ ನೋಡಲಿಕ್ಕೆ ಎಷ್ಟಿದೆ ಅಂತ ಸ್ವಲ್ಪ ಹೇಳುತ್ತೇನೆ, ಅವರಿಗೆ ಓದಿ ಹೇಳಿ.

ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು, ನಮ್ಮ ಹಾಗೇ ವರ್ಷಕ್ಕೆ ಎರಡು ಸಲ. ಏಪ್ರಿಲ್ ಹೊತ್ತಿಗೆ ಒಂದು, ಅದು ಕಡ್ಡಿ ತಯಾರಾಗಲಿಕ್ಕೆ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಂದು, ಅದು ಹಣ್ಣಿಗೆ. ಯುರೋಪಿನಲ್ಲಿ ಚಳಿಗೆ ಬಳ್ಳಿ ತಾನೇ ಮಲಗುತ್ತದೆ, ವರ್ಷಕ್ಕೆ ಒಂದೇ ಚಾಟ್ನಿ ಸಾಕು. ನಮ್ಮ ಬಿಸಿಲಿಗೆ ಬಳ್ಳಿ ಮಲಗುವುದೇ ಇಲ್ಲ, ನಾವೇ ಕತ್ತರಿ ಹಿಡಿದು ಕಾಲ ತೋರಿಸಬೇಕು. ಇಷ್ಟರವರೆಗೆ ಅವರಿಗೆ ಗೊತ್ತಿರುವುದೇ.

ಬೇರೆ ಆಗುವುದು ಮುಂದೆ. ತಿನ್ನುವ ದ್ರಾಕ್ಷಿಗೆ ನಾವು ಜಿಎ (ಜಿಬ್ಬರೆಲಿಕ್ ಆಸಿಡ್) ಹೊಡೆದು ಕಾಯಿ ದಪ್ಪ ಮಾಡುತ್ತೇವೆ. ವೈನಿಗೆ ಕಾಯಿ ಸಣ್ಣದೇ ಬೇಕು. ಬಣ್ಣ, ವಾಸನೆ, ಒಗರು ಹೆಚ್ಚಾಗಿ ಸಿಪ್ಪೆಯಲ್ಲಿದೆ. ಕಾಯಿ ಸಣ್ಣದಾದಷ್ಟೂ ರಸಕ್ಕೆ ಸಿಪ್ಪೆಯ ಪಾಲು ಜಾಸ್ತಿ. ಎಕರೆಗೆ ನಾಲ್ಕೈದು ಟನ್ ಸಾಕು ಅಂತ ಹಸಿರು ಗೊಂಚಲನ್ನೇ ಕಿತ್ತು ನೆಲಕ್ಕೆ ಹಾಕುತ್ತಾರೆ. ನಮ್ಮಪ್ಪ ಮೊದಲ ಸಲ ಇದನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಬೆಳೆದ ಗೊಂಚಲು ನೆಲಕ್ಕೆ ಬೀಳುವುದು ರೈತನಿಗೆ ನೋಡಲಿಕ್ಕೆ ಕಷ್ಟ.

ಸಿಹಿಯ ಲೆಕ್ಕ ಮಾತ್ರ ಅತ್ತೆಯವರಿಗೆ ಪರಿಚಯದ್ದು. ಮಾರ್ಕೆಟ್ಟಿಗೆ ಹೋಗುವ ಹಣ್ಣನ್ನು 16–18 ಬ್ರಿಕ್ಸ್ (ರಸದಲ್ಲಿನ ಸಕ್ಕರೆಯ ಅಳತೆ) ಬಂದರೆ ಕೊಯ್ಯುತ್ತಾರೆ. ವೈನಿಗೆ 22–24ರ ಹತ್ತಿರ ಬರಬೇಕು. ಒಣದ್ರಾಕ್ಷಿಗೂ ನಾವು ಹೆಚ್ಚುಕಮ್ಮಿ ಅಷ್ಟಕ್ಕೇ ಕಾಯುತ್ತೇವೆ. ಅವರಿಗೆ ಒಂದು ಕಾಯಿ ಬಾಯಿಗೆ ಹಾಕಿದರೆ ಸಾಕು, ಕಟಾವಿಗೆ ಬಂದಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಬೀಜ ಇರುತ್ತದೆ, ಸಿಪ್ಪೆ ದಪ್ಪ, ಇದನ್ನು ಮೊದಲೇ ಹೇಳಿರಿ.

ಅಲ್ಲಿ ಒಂದು ಶಿರಾಜ್ ಕಾಯಿ ಕೇಳಿ ಇಸಿದುಕೊಂಡು ಬೆರಳಲ್ಲಿ ಹಿಂಡಿ ತೋರಿಸಿ. ಹೊರಗೆ ಕಪ್ಪು, ಒಳಗಿನ ರಸಕ್ಕೆ ಬಣ್ಣವೇ ಇಲ್ಲ. ಕೆಂಪು ವೈನ್ ಹೇಗೆ ಕೆಂಪಾಗುತ್ತದೆ ಅಂತ ಯಾರೂ ಪಾಠ ಹೇಳಬೇಕಾಗಿಲ್ಲ. ಹುದುಗುವ ಮುಂಚಿನ ತಾಜಾ ರಸ ಇದ್ದರೆ ಅತ್ತೆಯವರಿಗೆ ಕೊಡಲಿಕ್ಕೆ ಹೇಳಿ. ಅದರಲ್ಲಿ ಅಮಲು ಇಲ್ಲ, ಬರೀ ಹಣ್ಣಿನ ರಸ.

ಉಣಕಲ್ ದಂಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಅತ್ತೆಯವರಿಗೆ ಓದಿ ಹೇಳಿದೆ. ಗೊಂಚಲು ಕಿತ್ತು ಹಾಕುವ ಮಾತಿಗೆ ಅವರೂ ಹಾಗೇ ಸುಮ್ಮನಾದರು. ಇನ್ನೆರಡು ಪ್ರಶ್ನೆ. ಕಾರ್ ಓಡಿಸುವುದು ನಮ್ಮ ಮನೆಯವರೊಬ್ಬರೇ. ಬರೀ ಗುಟುಕು ಗುಟುಕು ಅಲ್ವಾ, ಏನಾಗುತ್ತದೆ ಅನ್ನುತ್ತಾರೆ. ಮತ್ತೆ ಬಾಟಲಿ ಹುಬ್ಬಳ್ಳಿವರೆಗೆ ತರುವುದು ಹೇಗೆ?

ಭೀಷ್ಮ ಕೆರೆ (ಗದಗ)

ಗುಟುಕಿನ ಲೆಕ್ಕ ಅವರಿಗೆ ಹೇಳಿ. ಒಂದು ಸಲಕ್ಕೆ 30 ಎಂ.ಎಲ್. ಅಂದುಕೊಳ್ಳೋಣ, ಐದು ವೈನಿಗೆ 150. ಅದು ಒಂದು ತುಂಬು ಗ್ಲಾಸ್ ವೈನ್. ಕೆಲವರು ಧಾರಾಳವಾಗಿ ಸುರಿಯುತ್ತಾರೆ, ಸಣ್ಣ ಜಾಗದಲ್ಲಿ ಪ್ರೀತಿಯಿಂದ ಆರನೆಯದು ಏಳನೆಯದು ತೆಗೆಯುತ್ತಾರೆ. ಕಾನೂನಿನ ಮಿತಿ 100 ಎಂ.ಎಲ್. ರಕ್ತಕ್ಕೆ 30 ಮಿಲಿಗ್ರಾಂ, ದಾಟಿದರೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ, ಜೈಲೂ ಆಗಬಹುದು. ವಯಸ್ಸಾದವರು ಹಿಂದೆ ಕೂತಿರುತ್ತಾರೆ. ಒಂದೋ ನಿಮ್ಮ ಯಜಮಾನರು ಪೂರ್ತಿ ಉಗುಳಬೇಕು, ಇಲ್ಲಾ ಆ ಅರ್ಧ ದಿನಕ್ಕೆ ನಾಸಿಕ್‌ನಿಂದ ಟ್ಯಾಕ್ಸಿ ಮಾಡಿ. ನಾನಾದರೆ ಟ್ಯಾಕ್ಸಿ. ಇದರಲ್ಲಿ ರಾಜಿ ಬೇಡ.

ಬಾಟಲಿ ವಿಷಯದಲ್ಲಿ ನನಗೆ ಆದದ್ದು ಹೇಳುತ್ತೇನೆ. ಏಪ್ರಿಲ್‌ನಲ್ಲಿ ನಾಲ್ಕು ಬಾಟಲಿ ಡಿಕ್ಕಿಯಲ್ಲಿ ಇಟ್ಟುಕೊಂಡು ಹೊರಟೆ. ದಾರಿಯಲ್ಲಿ ಕೊಲ್ಹಾಪುರದಲ್ಲಿ ಮಹಾಲಕ್ಷ್ಮಿ ದರ್ಶನಕ್ಕೆ ಮೂರು ತಾಸು ಕಾರು ಬಿಸಿಲಲ್ಲಿ ನಿಂತಿತು. ಮನೆಗೆ ಬಂದು ನೋಡಿದರೆ ಎರಡು ಬಾಟಲಿಯ ಬೂಚು ಮೇಲೆ ಎದ್ದಿತ್ತು, ಪಕ್ಕದಲ್ಲಿ ಸೋರಿತ್ತು. ರುಚಿ ಬೇಯಿಸಿದ ಹಣ್ಣಿನ ಹಾಗೆ. ಆ ಮನೆಯವರು ಅಷ್ಟು ಜೋಪಾನವಾಗಿ ತಂಪಿನಲ್ಲಿ ಕಾಪಾಡಿದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಕೆಡಿಸಿದೆ ಅಂತ ಬಹಳ ನೋವಾಯಿತು. ಥರ್ಮಾಕೋಲ್ ಡಬ್ಬಿ ತಗೊಂಡು ಹೋಗಿ, ಡಿಕ್ಕಿ ಬೇಡ, ಎಸಿ ತಾಗುವ ಹಾಗೆ ಸೀಟಿನ ಕೆಳಗೆ ಇಡಿ. ಬಿಲ್ ಕೈಯಲ್ಲೇ ಇರಲಿ. ರಾಜ್ಯದ ಗಡಿ ದಾಟಿಸುವುದಕ್ಕೆ ಅಬಕಾರಿ ನಿಯಮ ಇದೆ, ಎಷ್ಟು ತರಬಹುದು, ಪರ್ಮಿಟ್ ಬೇಕಾ ಅಂತ ಹೊರಡುವ ಮುಂಚೆಯೇ ಅಬಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ.

ಇನ್ನೊಂದು. ದ್ರಾಕ್ಷಿ, ವೈನ್ ಅಂದ ಕೂಡಲೇ ಎಲ್ಲರೂ ನಾಸಿಕ್ ಅನ್ನುತ್ತಾರೆ. ನಮ್ಮ ರಾಜ್ಯದಲ್ಲೂ 2007ರಿಂದ ವೈನ್ ನೀತಿ ಇದೆ, ವೈನ್ ಬೋರ್ಡ್ ಇದೆ. ಕುಷ್ಟಗಿ ಕಡೆ ಕೃಷ್ಮಾ ಎಸ್ಟೇಟ್ಸ್ ಇದೆ, ಗಂಡ ಹೆಂಡತಿ ಸೇರಿ ಕಟ್ಟಿದ್ದು, ಸ್ವಂತ ತೋಟದ ದ್ರಾಕ್ಷಿ. ನಮ್ಮ ಗದಗಿನಿಂದ ದೂರವೇನಲ್ಲ. ಮುಂದಿನ ಸಲ ಅಲ್ಲಿಗೂ ಫೋನ್ ಮಾಡಿ ಕೇಳಿ ನೋಡಿ.

ಉಣಕಲ್ ದಂಡೆ

ಹೋಗಿ ಬಂದೆವು. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ದಿಂಡೋರಿ ಕಡೆ ಒಂದು ಮನೆ. ಅವರ ಹೆಸರು ಇಲ್ಲಿ ಹಾಕುವುದಿಲ್ಲ, ಕೇಳಿ ಬಂದಿಲ್ಲ. ಬುಧವಾರ ಹೋದೆವು, ಟ್ಯಾಕ್ಸಿಯಲ್ಲಿ. ನಾವಲ್ಲದೆ ಬೇರೆ ಯಾರೂ ಇರಲಿಲ್ಲ. ಬಿಳಿ ಮುಗಿದು ಶಿರಾಜ್ ಕಟಾವು ನಡೆದಿತ್ತು, ಬೆಳಗಿನ ತಂಪಿನಲ್ಲೇ ಕೊಯ್ದು ಕ್ರೇಟಿನಲ್ಲಿ ಜೋಡಿಸಿಟ್ಟಿದ್ದರು. ಆ ಮನೆಯ ಅಜ್ಜಿ ಕ್ರೇಟಿನ ಹತ್ತಿರ ಕೂತು ಒಣಗಿದ ಕಾಯಿ, ಎಲೆ ಆರಿಸುತ್ತಿದ್ದರು. ನಮ್ಮ ಅತ್ತೆಗೆ ಮರಾಠಿ ಚೆನ್ನಾಗಿ ಬರುತ್ತದೆ, ತವರಿನ ಕಡೆಯದು. ಹೋಗಿ ಪಕ್ಕದಲ್ಲಿ ಕೂತರು. ಐದು ನಿಮಿಷದಲ್ಲಿ ಇವರೂ ಆರಿಸುತ್ತಿದ್ದರು. ನಾವು ಒಳಗೆ ಹೋಗಿ ಒಂದೂವರೆ ತಾಸು ಬಿಟ್ಟು ಬಂದರೂ ಎದ್ದಿರಲಿಲ್ಲ.

ಒಳಗೆ ಮಗ ಎಲ್ಲ ತೋರಿಸಿದರು. ಹುದುಗುವ ಟ್ಯಾಂಕಿಗೆ ಕಿವಿ ಇಡಲಿಕ್ಕೆ ಹೇಳಿದರು, ಒಳಗೆ ಸುಯ್ಯ್ ಅಂತ ಸದ್ದು ಕೇಳುತ್ತದೆ. ಮರದ ಪೀಪಾಯಿಯಿಂದ ನೇರ ತೆಗೆದು ಒಂದೇ ವರ್ಷದ ಒಂದೇ ದ್ರಾಕ್ಷಿಯದು ಎರಡು ಗ್ಲಾಸ್ ಕೊಟ್ಟರು, ಒಂದು ಹೊಸ ಪೀಪಾಯಿಯದು, ಒಂದು ಹಳೆಯದರದ್ದು. ನನಗೆ ಹಳೆಯದರದ್ದು ಇಷ್ಟವಾಯಿತು, ಹಣ್ಣಿನ ವಾಸನೆ ಅದರಲ್ಲೇ ಚೆನ್ನಾಗಿ ಉಳಿದಿತ್ತು. ಹೊಸದರಲ್ಲಿ ಮರವೇ ಜಾಸ್ತಿ. ಅವರ ಎದುರಿಗೇ ಹಾಗಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಇನ್ನೊಂದು ವರ್ಷ ಬಿಟ್ಟು ಬಂದು ಅದನ್ನೇ ಮತ್ತೆ ನೋಡಿ ಅಂದರು. ಹೋದ ಸಲ ಆ ಹುಡುಗನಿಗೆ ಕೇಳಿದ್ದೂ ಇದೇ ಪ್ರಶ್ನೆ, ಮರದಿಂದ ವೈನಿಗೆ ಏನಾಗುತ್ತದೆ ಅಂತ. ಈ ಸಲ ಉತ್ತರ ಬಾಯಲ್ಲೇ ಸಿಕ್ಕಿತು.

ಶೆಡ್ಡಿನ ನೆರಳು ಅವರೇ, ನೀವು ಹೇಳಿದ ಹಾಗೆ ಕಾಯಿ ಹಿಂಡಿ ತೋರಿಸಿದೆ. ಅತ್ತೆ ಬೆರಳು ನೋಡಿಕೊಂಡು ಇನ್ನೊಂದು ಹಿಂಡಿದರು, ಮತ್ತೊಂದು ಹಿಂಡಿದರು. ತಾಜಾ ರಸ ಒಂದು ಸ್ಟೀಲ್ ಲೋಟದಲ್ಲಿ ಕೊಟ್ಟರು. ಪೂರ್ತಿ ಕುಡಿದು, ಇದನ್ನು ಒಣಗಿಸಿದ್ದರೆ ಒಳ್ಳೆ ಒಣದ್ರಾಕ್ಷಿ ಆಗುತ್ತಿತ್ತು, ಬೀಜ ಒಂದು ಇರದಿದ್ದರೆ ಅಂದರು. ಆ ಅಜ್ಜಿಗೆ ಅದು ಬಹಳ ಹಿಡಿಸಿತು.

ಎರಡು ಬಾಟಲಿ ತಂದೆವು, ಥರ್ಮಾಕೋಲ್ ಡಬ್ಬಿಯಲ್ಲಿ, ವಿಚಾರಿಸಿಕೊಂಡೇ. ಶೆನಿನ್ ಬ್ಲಾಂಕ್ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಮಲಗಿಸಿಟ್ಟಿದ್ದೇನೆ. ಭಾನುವಾರ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡುತ್ತೇನೆ, ಆವತ್ತೇ ತೆಗೆಯುತ್ತೇವೆ. ಬ್ಯಾಡಗಿ ಕಡ್ಡಿ ಅಣ್ಣಾವ್ರೆ, ಹೇಗೆ ಕೂಡಿತು ಅಂತ ಬಂದು ಬರೆಯುತ್ತೇನೆ.