ಅಪ್‌ಡೇಟ್: ಒಂಬತ್ತನೇ ಕ್ಲಾಸಿಗೆ ಸಿನಿಮಾ ತೋರ್ಸಿದ್ದು ಏನಾಯ್ತು ಅಂದ್ರೆ

ಹೋದ ತಿಂಗ್ಳು ಕೇಳಿದ್ನಲ್ಲ, ದಾವಣಗೆರೆ ಹತ್ರದ ನಮ್ ಹೈಸ್ಕೂಲ್ ಮಕ್ಳಿಗೆ ಜಾಗತಿಕ ಪೌರತ್ವ, ಅಂದ್ರೆ ನಾವೆಲ್ಲ ಒಂದೇ ಜಗತ್ತಿನೋರು ಅನ್ನೋದನ್ನ ಭಾಷಣ ಇಲ್ದೆ ಸಿನಿಮಾದಲ್ಲಿ ಹೇಳ್ಬೇಕು, ಯಾವ್ದು ತೋರ್ಸ್ಲಿ ಅಂತ. ತುಂಬಾ ಜನ ಹೇಳಿದ್ದು 1997ರ ಇರಾನಿ ಸಿನಿಮಾ ‘ಚಿಲ್ಡ್ರನ್ ಆಫ್ ಹೆವನ್’, ಅದ್ನೇ ಹಾಕ್ದೆ. ಬಡ ಮನೆ ಅಣ್ಣ-ತಂಗಿ ಒಂದೇ ಜೊತೆ ಶೂ ಹಂಚ್ಕೊಂಡು ಸ್ಕೂಲಿಗೆ ಹೋಗೋ ಕಥೆ.

ಮೊದಲ್ನೇ ಅರ್ಧ ಗಂಟೆ ಫ್ಲಾಪ್ ರೀ. ಕೆಳಗೆ ಬರೋ ಇಂಗ್ಲಿಷ್ ಓದೋಷ್ಟ್ರಲ್ಲಿ ಸೀನೇ ಹೋಗಿರ್ತಿತ್ತು, ಆಮೇಲೆ ನಾನೇ ನಿಲ್ಸಿ ನಿಲ್ಸಿ ಕನ್ನಡದಲ್ಲಿ ಹೇಳ್ದೆ, ಮಧ್ಯ ಕರೆಂಟ್ ಬೇರೆ ಹೋಯ್ತು. ಆದ್ರೆ ತಂಗಿ ಹಾಕ್ಕೊಂಡಿದ್ದ ಅಣ್ಣನ ಶೂ ಚರಂಡಿ ನೀರಲ್ಲಿ ತೇಲ್ಕೊಂಡ್ ಹೋಗೋ ಸೀನ್ ಬಂತು ನೋಡಿ, ಹಿಂದಿನ ಬೆಂಚಿಂದ ‘ಅಯ್ಯೋ ಹಿಡ್ಕೊಳೇ’ ಅಂತ ಒಬ್ಳು ಕೂಗಿದ್ಲು. ಕೊನೇಲಿ ಅಣ್ಣ ಮೂರನೇ ಬಹುಮಾನದ ಶೂಗೋಸ್ಕರ ಓಡಿ ಫಸ್ಟ್ ಬಂದ್ಬಿಡ್ತಾನಲ್ಲ, ಅದಕ್ಕೆ ಜಗಳಾನೇ ಆಯ್ತು, ಗೆದ್ನೋ ಸೋತ್ನೋ ಅಂತ. ಒಬ್ಬ ಹುಡ್ಗ ಮಾತ್ರ ಮೆಲ್ಲಗೆ, ‘ಸಾ, ನಾನೂ ನಮ್ಮಣ್ಣನೂ ಒಂದೇ ಸ್ವೆಟರ್ ಹಾಕ್ಕೊಂತೀವಿ’ ಅಂದ. ಇರಾನ್ ಎಲ್ಲೈತಿ ಅಂತ ಮ್ಯಾಪಲ್ಲಿ ಹುಡುಕಿದ್ದೂ ಅವ್ನೇ.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 4.7 ಅಂತ ಇದೆಯಲ್ಲ, ಜಾಗತಿಕ ಪೌರತ್ವದ ಶಿಕ್ಷಣ ಅದ್ರಲ್ಲೇ ಬರೋದು, ಅದನ್ನ ಬೋರ್ಡ್ ಮೇಲೆ ಬರ್ದೆ, ಯಾರೂ ನೋಡ್ಲಿಲ್ಲ ಬಿಡಿ.

ಈಗ ಅವ್ರೇ ಮೊಬೈಲಲ್ಲಿ ಎರಡು ನಿಮಿಷದ ವಿಡಿಯೋ ಮಾಡ್ತಿದಾರೆ, ಮಂಡಕ್ಕಿ ಭಟ್ಟಿ ಮೇಲೆ. ಬೇರೆ ದೇಶದ ಮಕ್ಳಿಗೆ ತೋರ್ಸಿದ್ರೆ ಏನ್ ಅರ್ಥ ಆಗ್ಬೇಕು ಅಂತ ಯೋಚ್ನೆ ಮಾಡಿ ತೆಗೀರಿ ಅಂದಿದೀನಿ. ಹೊಗೆ ತೋರ್ಸ್ಬೇಕಾ ಬೇಡ್ವಾ ಅಂತ ಇನ್ನೂ ಕಿತ್ತಾಡ್ತಾ ಇದಾರೆ.